ಮುಗಿಯದ ವಿಚಾರವನ್ನು ಮುಗಿಸುವುದು ಹೇಗೆ?

ಕಬ್ಬು ಕಾರ್ಖಾನೆಗೆ ಹೋಗಿ ತಿಂಗಳಾಯಿತು, ಬಿಲ್ ಬಂದಿಲ್ಲ. ಮಗಳನ್ನು ನೋಡಿ ಹೋದವರ ಕಡೆಯಿಂದ ಫೋನಿಲ್ಲ. ಪಿಎಸ್‌ಐ ಪರೀಕ್ಷೆಯ ಕೀ ಉತ್ತರ ಬಂದಿದೆ, ಎರಡು ಪ್ರಶ್ನೆಗಳ ಮೇಲೆ ಅನುಮಾನ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಮನೆಗಳಲ್ಲಿ ರಾತ್ರಿ ಹನ್ನೊಂದರ ಮೇಲೂ ಹೊರಳಾಡುವವರ ತಲೆಯಲ್ಲಿ ಓಡುವುದು ಹೆಚ್ಚಾಗಿ ಇಂಥವೇ. ‘ಭಾಳ ವಿಚಾರ ಮಾಡ್ತಾನ’ ಎನ್ನುತ್ತಾರೆ ಮನೆಯವರು. ‘ತಲ್ಯಾಗ ಹುಳ ಬಿಟ್ಕೊಂಡಾನ’ ಎನ್ನುತ್ತಾರೆ ಗೆಳೆಯರು. ಎಲ್ಲರೂ ಪುಕ್ಕಟೆ ಕೊಡುವ ಔಷಧ ಒಂದೇ: ‘ತಲಿ ಕೆಡಿಸ್ಕೊಬ್ಯಾಡ.’ ಈ ಔಷಧ ಯಾರಿಗೂ ಹತ್ತುವುದಿಲ್ಲ. ಕಾರಣ ಮುಂದೆ ಬರುತ್ತದೆ.

ವಿಚಾರ ಮಾಡುವುದು ರೋಗವಲ್ಲ. ಬಿತ್ತನೆಗೆ ಮುಂಚೆ, ಸಾಲ ತೆಗೆಯುವ ಮುಂಚೆ, ಹೆಣ್ಣು ಕೊಡುವ ಮುಂಚೆ ವಿಚಾರ ಮಾಡದವನು ಜಾಣನೂ ಅಲ್ಲ. ತೊಂದರೆ ಇರುವುದು ಕೊನೆಯಿಲ್ಲದ ವಿಚಾರದಲ್ಲಿ. ಗಾಣದೆತ್ತಿನಂತೆ ದಿನವಿಡೀ ನಡೆದರೂ ಸಂಜೆಗೆ ಅದೇ ಜಾಗ. ಹಾಗಾಗಿ ಇಲ್ಲಿರುವ ಹೆಜ್ಜೆಗಳ ಗುರಿ ವಿಚಾರವನ್ನು ತಡೆಯುವುದಲ್ಲ, ಪ್ರತಿ ವಿಚಾರಕ್ಕೂ ಒಂದು ತುದಿ ಕೊಡುವುದು.

ಮೊದಲು ಪರೀಕ್ಷೆ

ಒಂದೇ ವಿಷಯದ ಮೇಲೆ 15 ನಿಮಿಷ ಕಳೆದಿದ್ದೀರಿ ಎನ್ನಿಸಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಹೊತ್ತಿನಲ್ಲಿ ಮೊದಲು ಗೊತ್ತಿಲ್ಲದ್ದೇನಾದರೂ ಗೊತ್ತಾಯಿತೆ? ಮಾಡಬೇಕಾದ ಒಂದಾದರೂ ಕೆಲಸ ಹೊಳೆಯಿತೆ? ಎದೆಯ ಭಾರ ಸ್ವಲ್ಪವಾದರೂ ಇಳಿಯಿತೆ? ಮೂರಕ್ಕೂ ಇಲ್ಲ ಎಂದರೆ ಅದು ವಿಚಾರವಲ್ಲ, ಸುತ್ತು.

ಸುತ್ತಿನಲ್ಲಿ ಎರಡು ಬಗೆ. ಆಗಿಹೋದದ್ದನ್ನು ಮೆಲುಕು ಹಾಕುವುದು ಒಂದು: ‘ನಾ ಹಂಗ್ಯಾಕ ಅಂದೆ?’ ಆಗದಿರುವುದನ್ನು ಎಣಿಸುವುದು ಇನ್ನೊಂದು: ‘ಹಂಗಾತು ಅಂದ್ರ ಮುಂದೇನು?’ ಮೊದಲನೆಯದನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್ ಹೋಕ್ಸೆಮಾ ಕಂಡುಕೊಂಡದ್ದು ಇದು: ಮನಸ್ಸು ಕುಗ್ಗಿದಾಗ ಅದರ ಕಾರಣವನ್ನೇ ಕೆದಕುತ್ತ ಕೂರುವವರಲ್ಲಿ ಕುಗ್ಗುವಿಕೆ ಹೆಚ್ಚು ದಿನ ಉಳಿಯುತ್ತದೆ. ಕೆದಕಿದರೆ ಪರಿಹಾರ ಸಿಗುತ್ತದೆ ಎಂಬ ನಂಬಿಕೆಯಿಂದಲೇ ಕೆದಕುತ್ತೇವೆ. ಅಲ್ಲೇ ಸಿಕ್ಕಿಬೀಳುವುದು.

ಇನ್ನೊಂದು ನಂಬಿಕೆಯೂ ನಮ್ಮ ಕಡೆ ಗಟ್ಟಿಯಾಗಿದೆ. ಚಿಂತೆ ಮಾಡುವವನೇ ಜವಾಬ್ದಾರಿಯುಳ್ಳವ, ನಿದ್ದೆ ಕೆಡಿಸಿಕೊಳ್ಳುವ ತಾಯಿಯೇ ನಿಜವಾದ ತಾಯಿ, ಮೊದಲೇ ಕೆಟ್ಟದ್ದನ್ನು ಎಣಿಸಿಟ್ಟರೆ ಪೆಟ್ಟು ಕಡಿಮೆ ಬೀಳುತ್ತದೆ. ಇದನ್ನು ವಾದದಿಂದ ಅಳಿಸಲಾಗದು, ಲೆಕ್ಕದಿಂದ ಅಳಿಸಬಹುದು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನಿಮ್ಮ ಭಯಗಳನ್ನು ತಾರೀಖು ಹಾಕಿ ಬರೆಯಿರಿ: ‘ಈ ತಿಂಗಳ ಕೊನೆಯೊಳಗೆ ಹೀಗಾಗುತ್ತದೆ.’ ತಿಂಗಳ ಕೊನೆಗೆ ಹೌದು, ಇಲ್ಲ ಎಂದು ಗುರುತು ಹಾಕಿ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಆತಂಕದ ಕಾಯಿಲೆಯಿದ್ದ 29 ಜನರಿಂದ ಇದೇ ರೀತಿ ಬರೆಸಿ ನೋಡಿದರು. 2020ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಶೇಕಡಾ 91ರಷ್ಟು ಭಯಗಳು ನಿಜವಾಗಲಿಲ್ಲ. ಅವರ ಅಂಕಿ ನಿಮ್ಮನ್ನು ಒಪ್ಪಿಸಬೇಕಾಗಿಲ್ಲ. ನಿಮ್ಮದೇ ಹಾಳೆ ಒಪ್ಪಿಸುತ್ತದೆ.

ಹೆಜ್ಜೆ 1: ಒಂದು ವಾರ ಬರೀ ದಾಖಲೆ

ಕಿಸೆಯಲ್ಲಿ ಹಿಡಿಯುವ ಸಣ್ಣ ನೋಟ್‌ಬುಕ್ ಸಾಕು. ನಾಲ್ಕು ಕಾಲಂ: ಎಷ್ಟು ಗಂಟೆ, ಎಲ್ಲಿ, ಅದಕ್ಕೆ ಮುಂಚೆ ಏನು ಮಾಡುತ್ತಿದ್ದೆ, ತಲೆಯಲ್ಲಿದ್ದ ಮಾತು. ಒಂದು ಸಲಕ್ಕೆ ಒಂದೇ ಸಾಲು. ಉದ್ದ ಬರೆದರೆ ಬರೆಯುವುದೇ ಹೊಸ ಸುತ್ತಾಗುತ್ತದೆ. ಈ ವಾರ ಏನನ್ನೂ ಬದಲಿಸಲು ಹೋಗಬೇಡಿ.

ಏಳನೆಯ ದಿನ ಎರಡನೆಯ ಮತ್ತು ಮೂರನೆಯ ಕಾಲಂ ಮಾತ್ರ ಓದಿ. ಒಂದು ಜಾಗ ಅಥವಾ ಒಂದು ಕೆಲಸ ಮತ್ತೆ ಮತ್ತೆ ಬಂದಿರುತ್ತದೆ: ಊಟದ ನಂತರ ಹಾಸಿಗೆಯಲ್ಲಿ ಮೊಬೈಲ್ ಹಿಡಿದ ಹೊತ್ತು, ಮಧ್ಯಾಹ್ನದ ಬಿಸಿಲಿಗೆ ಹೊಲದಿಂದ ಬಂದು ಸುಮ್ಮನೆ ಮಲಗಿದ ಹೊತ್ತು, ಮಗ್ಗದ ಮುಂದೆ ಕೈ ತಾನೇ ಓಡುತ್ತಿರುವ ಹೊತ್ತು. ಚಿಂತೆ ಎಲ್ಲ ಹೊತ್ತಿನಲ್ಲೂ ಇರುತ್ತದೆ ಎಂದು ನಂಬಿದವರಿಗೆ ಅದು ದಿನದ ಎರಡು ಮೂರು ಕಿಂಡಿಗಳಿಂದ ಮಾತ್ರ ನುಗ್ಗುತ್ತಿದೆ ಎಂದು ಗೊತ್ತಾಗುವುದೇ ಅರ್ಧ ಕೆಲಸ.

ಹೆಜ್ಜೆ 2: ಕೈಯಲ್ಲಿರುವುದು, ಕೈಯಲ್ಲಿ ಇಲ್ಲದ್ದು

ವಾರದ ಸಾಲುಗಳನ್ನು ಎರಡು ಪಾಲು ಮಾಡಿ. ಇಲ್ಲಿ ನಿಧಾನವಾಗಿ ಕುಳಿತುಕೊಳ್ಳಿ, ಯಾಕೆಂದರೆ ಹೆಚ್ಚಿನವರು ಒಂದು ಚಿಂತೆಯನ್ನು ಇಡಿಯಾಗಿ ಎತ್ತಿ ಒಂದು ಪಾಲಿಗೆ ಹಾಕಿಬಿಡುತ್ತಾರೆ. ಒಂದೇ ಚಿಂತೆಯಲ್ಲಿ ಎರಡೂ ಬೆರೆತಿರುತ್ತವೆ.

ಕಬ್ಬಿನ ಬಿಲ್ ತೆಗೆದುಕೊಳ್ಳಿ. ಕಾರ್ಖಾನೆಯ ಖಾತೆಯಲ್ಲಿ ದುಡ್ಡಿದೆಯೋ ಇಲ್ಲವೋ, ಸಕ್ಕರೆಯ ದರ ಏರುತ್ತದೋ ಇಳಿಯುತ್ತದೋ, ಇವು ಮುಧೋಳದ ರೈತನ ಕೈಯಲ್ಲಿಲ್ಲ. ಆದರೆ 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ ಸೇರಬೇಕು. ತೂಕದ ಚೀಟಿಗಳನ್ನು ಒಂದು ಕಡೆ ಜೋಡಿಸುವುದು, ಕಬ್ಬು ಕಳಿಸಿದ ತಾರೀಖಿನಿಂದ ದಿನ ಎಣಿಸುವುದು, ಕಾರ್ಖಾನೆಗೆ ಲಿಖಿತವಾಗಿ ಕೇಳುವುದು, ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು, ಸಹಕಾರಿ ಸಂಘದ ಕಂತು ಎಂದಿದೆ ಎಂದು ವಿಚಾರಿಸುವುದು ಕೈಯಲ್ಲಿವೆ. ಇವುಗಳಲ್ಲಿ ಒಂದಕ್ಕೆ ದಿನ ಮತ್ತು ಗಂಟೆ ಬರೆಯಿರಿ. ‘ನೋಡಬೇಕು’ ಎಂದು ಬರೆದರೆ ಅದು ಮರುದಿನ ಮತ್ತೆ ಚಿಂತೆಯಾಗಿಯೇ ಬರುತ್ತದೆ. ‘ಗುರುವಾರ 11ಕ್ಕೆ, ಚೀಟಿಗಳ ಜೆರಾಕ್ಸ್ ತಗೊಂಡು’ ಎಂದು ಬರೆದರೆ ಬಿಡುತ್ತದೆ.

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರನಿಗೂ ಹಾಗೆಯೇ. ಅಕ್ಟೋಬರ್ ಚಾಟಣಿಯಾಗಿ (ಬಳ್ಳಿಯ ಕಡ್ಡಿ ಕತ್ತರಿಸಿ) ಹೂವು ಬಿಡುವ ಹೊತ್ತಿಗೆ ಮೋಡ ಕವಿದರೆ ಮಳೆಯನ್ನು ನಿಲ್ಲಿಸಲಾಗದು. ಔಷಧ ದಾಸ್ತಾನು, ಪಂಪು ಸರಿಯಿದೆಯೇ ಎಂದು ನೋಡುವುದು, ಹವಾಮಾನ ಆಧಾರಿತ ಬೆಳೆ ವಿಮೆಯ ಕೊನೆಯ ದಿನ ಇವು ಕೈಯಲ್ಲಿವೆ. ಆಕಾಶವನ್ನು ದಿನಕ್ಕೆ ಎರಡು ಸಲ ನೋಡಿ, ಮುನ್ಸೂಚನೆಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ತಾಸಿಗೊಮ್ಮೆ ಮೊಬೈಲಿನಲ್ಲಿ ಮೋಡ ನೋಡಿದರೆ ಮೋಡ ಸರಿಯುವುದಿಲ್ಲ.

ಪೂರ್ತಿ ಕೈಮೀರಿದ ಚಿಂತೆಗಳೂ ಇವೆ, ಮತ್ತು ಕೃಷ್ಣೆಯ ದಂಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ‘ನಮ್ಮ ಹೊಲ ಹೋಗತದೋ ಉಳೀತದೋ’ ಎಂಬ ಪ್ರಶ್ನೆಯ ಜೊತೆಗೇ ಅಲ್ಲಿ ಮಕ್ಕಳು ಬೆಳೆದು ದೊಡ್ಡವರಾಗಿದ್ದಾರೆ. ಇಂಥ ಚಿಂತೆಗೆ ‘ಸಕಾರಾತ್ಮಕವಾಗಿ ಯೋಚಿಸಿ’ ಎಂದು ಉಪದೇಶಿಸುವುದು ಅವಮಾನ ಮಾಡಿದಂತೆ. ಭಯ ನಿಜವಾದದ್ದೇ. ಅದಕ್ಕೆ ಪರಿಹಾರದ ಹೆಜ್ಜೆಯಿಲ್ಲ, ಹೊತ್ತಿನ ಮಿತಿ ಮಾತ್ರ ಇದೆ.

ಹೆಜ್ಜೆ 3: ಚಿಂತೆಗೊಂದು ಗಂಟೆ ಗೊತ್ತು ಮಾಡಿ

ಇಡೀ ಕ್ರಮದಲ್ಲಿ ಒಂದನ್ನೇ ಮಾಡಲು ಸಾಧ್ಯವೆಂದರೆ ಇದನ್ನು ಮಾಡಿ. 1983ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು ಪರೀಕ್ಷಿಸಿದ ವಿಧಾನವಿದು. ಅವರು ಗೊತ್ತು ಮಾಡಿದ್ದು ದಿನಕ್ಕೆ 30 ನಿಮಿಷ. 20ರಿಂದ ಶುರು ಮಾಡುವುದು ಸುಲಭ.

ಹೊತ್ತು: ಸಂಜೆ ಐದೂವರೆಯಿಂದ ಏಳರೊಳಗೆ, ಮಲಗುವುದಕ್ಕೆ ಕನಿಷ್ಠ ಎರಡು ಮೂರು ತಾಸು ಮುಂಚೆ. ದಿನವೂ ಅದೇ ಹೊತ್ತು. ಜಾಗ: ಒಂದು ಕುರ್ಚಿ, ಅದೇ ಕುರ್ಚಿ. ಹಾಸಿಗೆ ಬೇಡ, ನಾಲ್ಕು ಜನ ಕೂರುವ ಕಟ್ಟೆ ಬೇಡ. ಇಷ್ಟಲಿಂಗ ಪೂಜೆಗೋ ಧ್ಯಾನಕ್ಕೋ ಕೂರುವ ಜಾಗವಂತೂ ಬೇಡವೇ ಬೇಡ, ವಾರ ಕಳೆಯುವುದರೊಳಗೆ ಪೂಜೆಗೆ ಕೂತಾಗಲೂ ಚಿಂತೆ ತಾನಾಗಿ ಎದ್ದು ಬರತೊಡಗುತ್ತದೆ.

ಹಗಲಿನಲ್ಲಿ ಚಿಂತೆ ಬಂದಾಗ ಮೂರ್ನಾಲ್ಕು ಪದಗಳಲ್ಲಿ ಬರೆದುಕೊಳ್ಳಿ: ‘ಸುಮಾಳ ಫೀಸು’, ‘ಸಾಹೇಬರ ಮಾತು’. ಮನಸ್ಸಿನಲ್ಲೇ ‘ಇದು ಆರಕ್ಕೆ’ ಎಂದುಕೊಳ್ಳಿ. ಕೂಡಲೇ ಕೈಯಲ್ಲಿರುವ ಕೆಲಸದ ಮುಂದಿನ ತುಣುಕನ್ನು ಹೆಸರಿಟ್ಟು ಮಾಡಿ: ‘ಈಗ ಈ ರೊಟ್ಟಿ ಬಡೀಬೇಕು’, ‘ಈಗ ಈ ಲೆಕ್ಕದ ಮೂರನೇ ಸಾಲು’.

ಆರಕ್ಕೆ ಕುಳಿತು 20 ನಿಮಿಷಕ್ಕೆ ಅಲಾರಂ ಇಡಿ. ಪಟ್ಟಿ ಓದಿ. ಕೆಲವು ಅಷ್ಟರಲ್ಲೇ ಸತ್ತಿರುತ್ತವೆ, ಗೆರೆ ಎಳೆಯಿರಿ. ಉಳಿದವುಗಳಲ್ಲಿ ಕೈಯಲ್ಲಿರುವುದಕ್ಕೆ ಒಂದು ಹೆಜ್ಜೆ, ದಿನ, ಗಂಟೆ. ಕೈಯಲ್ಲಿ ಇಲ್ಲದ್ದನ್ನು ಬೇಕಾದಷ್ಟು ಚಿಂತಿಸಿ, ತಡೆಯಬೇಡಿ. ಅಲಾರಂ ಹೊಡೆದರೆ ಏಳಲೇಬೇಕು, ಎದ್ದು ಕೈಗೆ ಕೆಲಸ ಕೊಡಬೇಕು: ದನಕ್ಕೆ ಮೇವು, ಗಿಡಕ್ಕೆ ನೀರು, ಪಾತ್ರೆ.

ಎಲ್ಲಿ ಕೆಡುತ್ತದೆ ಎಂದರೆ, ಮುಂದೂಡುವುದನ್ನು ಜನ ಅದುಮುವುದು ಎಂದುಕೊಳ್ಳುತ್ತಾರೆ. 1987ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಕೆಲವರಿಗೆ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಈಗ ಯೋಚಿಸಬಹುದು ಎಂದಾಗ, ಮೊದಲಿನಿಂದಲೂ ಅನುಮತಿಯಿದ್ದವರಿಗಿಂತ ಇವರ ತಲೆಯಲ್ಲೇ ಕರಡಿ ಹೆಚ್ಚು ಸಲ ಬಂತು. ‘ತಲಿ ಕೆಡಿಸ್ಕೊಬ್ಯಾಡ’ ಎಂಬುದು ಕೆಲಸ ಮಾಡದಿರುವುದು ಇದೇ ಕಾರಣಕ್ಕೆ. ಮುಂದೂಡುವಾಗ ಮನಸ್ಸಿಗೆ ಇಲ್ಲ ಎನ್ನುತ್ತಿಲ್ಲ, ಹೊತ್ತು ಹೇಳುತ್ತಿದ್ದೀರಿ. ಆ ಹೊತ್ತಿಗೆ ನೀವು ಕುರ್ಚಿಯಲ್ಲಿ ಇರಲೇಬೇಕು. ‘ಇವತ್ತು ಮನಸ್ಸು ಹಗುರ ಐತಿ, ಬ್ಯಾಡ’ ಎಂದು ತಪ್ಪಿಸಿದರೆ ಮರುದಿನ ನಿಮ್ಮ ಮಾತಿಗೆ ಬೆಲೆಯಿರುವುದಿಲ್ಲ. ಇನ್ನು ಪಟ್ಟಿಯನ್ನು ಮೊಬೈಲಿನಲ್ಲಿ ಬರೆಯುವವರು ಎರಡನೆಯ ನಿಮಿಷಕ್ಕೆ ವಾಟ್ಸ್ಆ್ಯಪ್‌ನಲ್ಲಿರುತ್ತಾರೆ. ಕಾಗದವೇ ಸರಿ.

ಮೊದಲ ನಾಲ್ಕೈದು ದಿನ ಒಂದೇ ಚಿಂತೆ ಹತ್ತಾರು ಸಲ ಬರುತ್ತದೆ. ಪ್ರತಿ ಸಲ ಅದರ ಮುಂದೆ ಒಂದು ಗೀಟು ಹಾಕಿ, ಸಾಕು. ಎರಡು ವಾರ ಕೊಡದೆ ತೀರ್ಪು ಕೊಡಬೇಡಿ.

ಹೆಜ್ಜೆ 4: ‘ಯಾಕ’ ಬಿಟ್ಟು ‘ಹ್ಯಾಂಗ’

ಮದುವೆ ಮನೆಯಲ್ಲಿ ನಾದಿನಿ ಏನೋ ಅಂದಳು. ‘ಅಕಿ ಹಂಗ್ಯಾಕ ಅಂದ್ಲು? ನನ್ನ ಯಾಕ ಯಾರೂ ಲೆಕ್ಕಕ್ಕ ಇಡೂದಿಲ್ಲ?’ ಈ ಎರಡನೆಯ ಪ್ರಶ್ನೆಗೆ ಉತ್ತರವೇ ಇಲ್ಲ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಎಡ್ವರ್ಡ್ ವಾಟ್ಕಿನ್ಸ್ ತೋರಿಸಿದಂತೆ ಮೆಲುಕಿನ ಬಲ ಇರುವುದು ಇಂಥ ಅಮೂರ್ತ ಪ್ರಶ್ನೆಗಳಲ್ಲಿ. ಅದೇ ಘಟನೆಯನ್ನು ವಿವರವಾಗಿ, ನಡೆದ ಕ್ರಮದಲ್ಲಿ ನೆನೆದರೆ ಸುತ್ತು ಸಡಿಲವಾಗುತ್ತದೆ.

ಐದು ಸಾಲು ಬರೆಯಿರಿ, ಆರನೆಯದು ಬೇಡ. ಎಲ್ಲಿ, ಯಾವಾಗ. ಆಡಿದ ಮಾತು ಅಕ್ಷರಶಃ ಏನು. ಅದಕ್ಕೆ ಮುಂಚೆ ಏನು ನಡೆದಿತ್ತು. ಆಮೇಲೆ ಏನಾಯಿತು. ನಾನು ಮುಂದೆ ಮಾಡುವುದು ಏನು, ಅಥವಾ ಏನೂ ಇಲ್ಲ. ಎರಡನೆಯ ಸಾಲು ಬರೆಯುವಾಗ ಬಹಳ ಜನ ತಡವರಿಸುತ್ತಾರೆ. ನಾದಿನಿ ಆಡಿದ್ದು ‘ಈ ಸೀರಿ ಹಳೇದಲ್ಲ?’ ಎಂಬ ಮೂರು ಪದ. ಉಳಿದ ಮೂರು ದಿನದ ಸಂಭಾಷಣೆ ನಾವೇ ಸೇರಿಸಿದ್ದು.

‘ಯಾಕ’ ಎಂದು ಕೇಳಲೇಬಾರದೆಂದಲ್ಲ. ಬೋರಿನ ಮೋಟಾರು ಯಾಕೆ ಸುಟ್ಟಿತು ಎಂದು ಕೇಳದಿದ್ದರೆ ಇನ್ನೊಂದು ಸುಡುತ್ತದೆ. ಮನುಷ್ಯರ ಮನಸ್ಸಿನ ಬಗ್ಗೆ, ನಮ್ಮ ಹಣೆಬರಹದ ಬಗ್ಗೆ ಕೇಳುವ ‘ಯಾಕ’ ಮೂರು ಸುತ್ತಿನಲ್ಲಿ ಕೆಲಸಕ್ಕೆ ಬರುವ ಉತ್ತರ ಕೊಡದಿದ್ದರೆ ಅಲ್ಲಿಗೆ ಬಿಡಿ.

ನಿರ್ಧಾರವಾಗದ ವಿಚಾರ

ಇದಕ್ಕೆ ಹರ್ಬರ್ಟ್ ಸೈಮನ್ ಹೇಳಿದ್ದು ಸಾಕು. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅವರ ವಾದ ಇಷ್ಟು: ಮನುಷ್ಯ ಎಲ್ಲ ಆಯ್ಕೆಗಳನ್ನು ತೂಗಿ ಅತ್ಯುತ್ತಮವಾದುದನ್ನು ಹುಡುಕಲಾರ, ಬೇಕಾದ ಮಟ್ಟ ಮುಟ್ಟಿದ್ದನ್ನು ಆರಿಸಿ ಮುಂದೆ ಹೋಗುತ್ತಾನೆ. ಏನನ್ನಾದರೂ ಕೊಳ್ಳಬೇಕಾದಾಗ, ನೋಡಲು ಹೋಗುವ ಮುಂಚೆಯೇ ಮೂರು ಷರತ್ತು ಬರೆಯಿರಿ. ಕೇಳುವುದು ಹೆಚ್ಚೆಂದರೆ ಮೂವರನ್ನು, ಅವರಲ್ಲಿ ಒಬ್ಬರು ಅದನ್ನು ಈಗಾಗಲೇ ಮಾಡಿದವರು. ಗಡುವು ಹಾಕಿ: ಸೀರೆಗೆ ಅರ್ಧ ತಾಸು, ಮೊಬೈಲಿಗೆ ಒಂದು ದಿನ, ಟ್ರ್ಯಾಕ್ಟರಿಗೆ ಎರಡು ವಾರ. ಮೂರೂ ಷರತ್ತು ದಾಟಿದ ಮೊದಲನೆಯದನ್ನು ಆರಿಸಿ. ಆಮೇಲೆ ಒಂದು ತಿಂಗಳು ಬೇರೆ ಅಂಗಡಿಯ ದರ ಕೇಳಬೇಡಿ.

ಸಿಇಟಿ ಆಪ್ಷನ್ ಎಂಟ್ರಿಗೆ ಈ ಸೂತ್ರ ಹೊಂದದು. ಅಲ್ಲಿ ಇಷ್ಟದ ಕ್ರಮದಲ್ಲಿ ಸಾಧ್ಯವಾದಷ್ಟು ಕಾಲೇಜು ತುಂಬಿದರೇ ಲಾಭ.

ರಾತ್ರಿ

ಮಧ್ಯರಾತ್ರಿ ಎರಡಕ್ಕೆ ಎಚ್ಚರವಾದಾಗ ಬರುವ ಚಿಂತೆಗೆ ಹಗಲಿನ ಚಿಂತೆಗಿಂತ ಮೂರು ಪಟ್ಟು ಗಾತ್ರ. ಆ ಹೊತ್ತಿನಲ್ಲಿ ಯಾವುದನ್ನೂ ತೀರ್ಮಾನಿಸಬಾರದು.

ಮಲಗುವ ಮುಂಚೆ ಐದು ನಿಮಿಷ ನಾಳೆ ಮಾಡಬೇಕಾದ ಕೆಲಸಗಳ ಪಟ್ಟಿ ಬರೆಯಿರಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಕಲಿನ್ ತಂಡ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮುಗಿಸಿದ ಕೆಲಸ ಬರೆದವರಿಗಿಂತ ಮಾಡಬೇಕಾದ ಕೆಲಸ ಬರೆದವರಿಗೆ ಬೇಗ ನಿದ್ದೆ ಹತ್ತಿತು. ಪಟ್ಟಿ ಹೆಚ್ಚು ಬಿಡಿಬಿಡಿಯಾಗಿದ್ದಷ್ಟೂ ನಿದ್ದೆ ಇನ್ನೂ ಬೇಗ. ಇದು ಸಂಜೆಯ ಚಿಂತೆಯ ಪಟ್ಟಿಯಲ್ಲ, ಕೆಲಸದ ಪಟ್ಟಿ. ಎರಡನ್ನೂ ಬೆರೆಸಬೇಡಿ.

ಮಲಗಿ ಅಂದಾಜು 20 ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕೋಣೆಗೋ ಪಡಸಾಲೆಗೋ ಹೋಗಿ. ಮಂದ ಬೆಳಕು, ಬೇಸರ ತರಿಸುವ ಓದು ಅಥವಾ ಬಟ್ಟೆ ಮಡಚುವ ಕೆಲಸ. ತೂಕಡಿಕೆ ಬಂದಮೇಲೆ ಮಾತ್ರ ಹಾಸಿಗೆಗೆ. ಗಡಿಯಾರ ನೋಡಬೇಡಿ. ಎಷ್ಟು ಹೊತ್ತಿಗೆ ಮಲಗಿದರೂ ಏಳುವುದು ಒಂದೇ ಹೊತ್ತಿಗೆ. ಮಧ್ಯಾಹ್ನದ ನಿದ್ದೆ ಬೇಸಿಗೆಯ ಈ ಸೀಮೆಯಲ್ಲಿ ತಪ್ಪದು, ಆದರೆ ಅರ್ಧ ತಾಸು ದಾಟದಿರಲಿ.

ಚಹಾದ ಮಾತು ಹೇಳದೆ ಬಿಡುವಂತಿಲ್ಲ. ಕುಡಿದ ಕೆಫೀನಿನ ಅರ್ಧ ಭಾಗ ಐದಾರು ತಾಸಿನ ನಂತರವೂ ಮೈಯಲ್ಲಿರುತ್ತದೆ. ನಾಲ್ಕರ ಮೇಲೆ ಚಹಾ ನಿಲ್ಲಿಸಿ. ಹೋದವರ ಮನೆಯಲ್ಲಿ ‘ಒಂದ್ ಕಪ್ ಚಾ’ ಬೇಡವೆನ್ನುವುದು ಕಷ್ಟ, ಮಜ್ಜಿಗೆ ಕೇಳಿ. ತಂಬಾಕು, ಗುಟ್ಕಾ ಚಿಂತೆ ಇಳಿಸುತ್ತವೆ ಎನ್ನುವವರು ಬಹಳ. ನಿಕೋಟಿನ್ ಎಚ್ಚರಿಸುವ ವಸ್ತು. ಅದು ಇಳಿಸುವ ಚಡಪಡಿಕೆಯ ಒಂದು ಪಾಲು ಅದೇ ಹುಟ್ಟಿಸಿದ್ದು.

ಬೆಳಿಗ್ಗೆ ಅರ್ಧ ತಾಸು ಬಿರುಸಾಗಿ ನಡೆದರೆ ರಾತ್ರಿಗೆ ಉಪಕಾರ. ಬೆಳಗಾವಿಯ ಕೋಟೆ ಕೆರೆಯ ದಂಡೆ, ಗೋಳಗುಮ್ಮಟದ ಸುತ್ತಿನ ರಸ್ತೆ, ಬಾಗಲಕೋಟೆ ನವನಗರದ ಅಗಲ ಬೀದಿ, ಎಲ್ಲಿಯಾದರೂ. ಕಿವಿಗೆ ಇಯರ್‌ಫೋನ್ ಇಲ್ಲದೆ.

ಮನೆಯವರು, ಕಟ್ಟೆಯವರು

ಮಾತಾಡಿದರೆ ಹಗುರಾಗುತ್ತದೆ ಎಂಬುದು ಅರ್ಧ ನಿಜ. ಇಬ್ಬರು ಕೂತು ಒಂದೇ ದುಃಖವನ್ನು ದಿನವೂ ತಿರುವಿಹಾಕಿದರೆ ಸ್ನೇಹ ಗಟ್ಟಿಯಾಗುತ್ತದೆ, ಚಿಂತೆಯೂ ಗಟ್ಟಿಯಾಗುತ್ತದೆ. ಒಂದು ವಿಷಯಕ್ಕೆ ಒಬ್ಬರು, ಒಂದು ಸಲ, ಕೊನೆಗೆ ‘ಈಗ ಏನು ಮಾಡೋದು’ ಎಂಬ ಪ್ರಶ್ನೆ. ಅಷ್ಟು ಸಾಕು.

ಇನ್ನೊಂದು ಜಾಲ ಭರವಸೆ ಕೇಳುವುದು. ‘ಏನೂ ಆಗೂದಿಲ್ಲಲ್ಲ?’ ಎಂದು ಹೆಂಡತಿಯನ್ನು ಹತ್ತು ಸಲ ಕೇಳುವವನಿಗೆ ಪ್ರತಿ ‘ಏನೂ ಆಗೂದಿಲ್ಲ’ವೂ ಐದು ನಿಮಿಷ ಬಾಳುತ್ತದೆ, ಹನ್ನೊಂದನೆಯ ಸಲ ಕೇಳುವ ಹಸಿವು ಹೆಚ್ಚಾಗುತ್ತದೆ. ಮನೆಯವರು ಮೊದಲ ಸಲ ಸರಿಯಾಗಿ ಉತ್ತರಿಸಲಿ. ಎರಡನೆಯ ಸಲಕ್ಕೆ ‘ಇದನ್ನ ಆಗಲೇ ಮಾತಾಡೇವಿ, ಪಟ್ಟ್ಯಾಗ ಬರಿ, ಆರಕ್ಕ ನೋಡೂಣು’ ಎನ್ನಲಿ. ಇದು ಕಠಿಣವಾಗಿ ಕೇಳಿಸುತ್ತದೆ, ಆದ್ದರಿಂದ ಮೊದಲೇ ಇಬ್ಬರೂ ಕೂತು ಒಪ್ಪಿಕೊಂಡಿರಬೇಕು.

ನೋಟ್‌ಬುಕ್ ಸಾಲದಿರುವಾಗ

ಎರಡು ವಾರಕ್ಕಿಂತ ಹೆಚ್ಚು ದಿನ ಮನಸ್ಸು ಕುಗ್ಗಿದ್ದು ಊಟ, ನಿದ್ದೆ, ಕೆಲಸ ಕೆಟ್ಟಿದ್ದರೆ; ಚಿಂತೆ ಆರು ತಿಂಗಳಿಂದ ಹಿಡಿತಕ್ಕೇ ಸಿಗದಿದ್ದರೆ; ಎದೆ ಡವಡವ, ಕೈನಡುಕ, ತೂಕ ಇಳಿಯುವುದು ಜೊತೆಗಿದ್ದರೆ ವೈದ್ಯರನ್ನು ಕಾಣಿ. ಥೈರಾಯ್ಡ್ ಹೆಚ್ಚಾದಾಗಲೂ ಹೀಗೇ ಆಗುತ್ತದೆ, ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ. ಬೇಡದ ಕೆಟ್ಟ ಯೋಚನೆ ಬಂದು ಅದನ್ನು ಕಳೆಯಲು ಕೈ ತೊಳೆಯುವುದು, ಬೀಗ ಮತ್ತೆ ಮತ್ತೆ ನೋಡುವುದು, ಎಣಿಸುವುದು ನಡೆದಿದ್ದರೆ ಅದು ಗೀಳಿನ ಕಾಯಿಲೆ ಇರಬಹುದು. ಅದರ ಚಿಕಿತ್ಸೆ ಬೇರೆ, ಈ ಹೆಜ್ಜೆಗಳಿಂದ ಹೋಗದು.

ಮನಸ್ಸಿನ ತೊಂದರೆಗೆ ಫೋನಿನಲ್ಲೇ ನೆರವು ಕೊಡುವ ಟೆಲಿ ಮಾನಸ್ ಸಂಖ್ಯೆ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ ಈ ಸೇವೆ ಉಚಿತ, ಹಗಲಿರುಳೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಮತ್ತು ಮೂರೂ ಊರುಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗವಿದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ, ನಿಮ್ಮಲ್ಲಿ ಯಾವ ಮಂಗಳವಾರ ಎಂದು ಮೊದಲೇ ಕೇಳಿಕೊಂಡು ಹೋಗಿ. ಹೆಚ್ಚಿನದಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವಿಲ್ಲ.

ಸಾಯುವ ಯೋಚನೆ ಒಂದು ಸಲ ಬಂದಿದ್ದರೂ ಕಾಯಬೇಡಿ, ಅವತ್ತೇ ಫೋನ್ ಮಾಡಿ, ಒಬ್ಬರಿಗಾದರೂ ಬಾಯಿಬಿಟ್ಟು ಹೇಳಿ. ಮನೆಯವರು ಕೀಟನಾಶಕದ ಡಬ್ಬಿಗಳನ್ನು ಮನೆಯಿಂದ ಹೊರಗೆ ಸಾಗಿಸಿ ಬೀಗ ಹಾಕಿ, ಕೀಲಿ ಬೇರೆಯವರ ಹತ್ತಿರ ಇಡಿ. ಆತ್ಮಹತ್ಯೆಯ ಆವೇಗ ಬಹಳ ಸಲ ಕೆಲವೇ ಹೊತ್ತಿನದು, ಆ ಹೊತ್ತಿನಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ವೈದ್ಯರು ಮಾತ್ರೆ ಬರೆದರೆ ಹೆದರಬೇಡಿ. ಆತಂಕ, ಖಿನ್ನತೆಗೆ ಕೊಡುವ ಸಾಮಾನ್ಯ ಮಾತ್ರೆಗಳು ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಮೊದಲ ವಾರ ಹೊಟ್ಟೆ ತೊಳಸಬಹುದು. ಅಷ್ಟಕ್ಕೇ ಬಿಟ್ಟುಬಿಡುವವರು ಬಹಳ. ಹಗುರಾದ ಮೇಲೂ ಒಮ್ಮೆಲೇ ನಿಲ್ಲಿಸಬಾರದು, ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಚೀಟಿಯಿಲ್ಲದೆ ಮೆಡಿಕಲ್ ಅಂಗಡಿಯಿಂದ ನಿದ್ದೆ ಗುಳಿಗೆ ತಂದು ತಿನ್ನುವುದು ಬೇಡ. ಅದು ಬೇಗ ಚಟವಾಗುತ್ತದೆ, ಬಿಟ್ಟ ರಾತ್ರಿ ನಿದ್ದೆ ಮೊದಲಿಗಿಂತ ಹೆಚ್ಚು ಕೆಡುತ್ತದೆ.